ವಿಮಾನ ಕಾರ್ಖಾನೆಯ ರೈಲು ಬೋಗಿಗಳು

ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಮಾರತಹಳ್ಳಿಯ ಕಡೆಗೆ ಹೋಗುವಾಗ ಎಚ್‌ಎಎಲ್‌ನ ವಿಮಾನ ಮ್ಯೂಸಿಯಂ ಸಿಗುತ್ತದೆ. ಇದು ಬಾಗಿಲು ತೆರೆದದ್ದು 2001ರಲ್ಲಿ. ಮುಂಬೈ, ಪುಣೆ, ಹೈದರಾಬಾದಿನಿಂದ ರಜೆಗೆ ಬರುವ ಕುಟುಂಬಗಳು ಲಾಲ್‌ಬಾಗ್, ಕಬ್ಬನ್ ಪಾರ್ಕು, ವಿಶ್ವೇಶ್ವರಯ್ಯ ಮ್ಯೂಸಿಯಂ ಮುಗಿಸಿ, ಇನ್ನೂ ಒಂದು ದಿನ ಉಳಿದರೆ ಮಕ್ಕಳನ್ನು ಇಲ್ಲಿಗೆ ಕರೆತರುತ್ತವೆ. ಹೊರಗಿನ ಅಂಗಳದಲ್ಲಿ ವಿಮಾನಗಳು ನಿಂತಿವೆ: ತರಬೇತಿಯ ಎಚ್‌ಟಿ-2, ಕಿರಣ್, ಯುದ್ಧ ವಿಮಾನಗಳಾದ ಅಜೀತ್, ಮಾರುತ್, ಮಿಗ್-21. ಒಳಗೆ ಒಂದು ಕಡೆ ಕಂಪನಿಯ ಕತೆಯನ್ನು ದಶಕದಿಂದ ದಶಕಕ್ಕೆ ಹೇಳುವ ಫೋಟೋಗಳಿವೆ, ಇನ್ನೊಂದು ಕಡೆ ಎಂಜಿನ್‌ಗಳು.

ಇಂಥ ಅಂಗಳದಲ್ಲಿ ಮಕ್ಕಳು ಕೇಳುವ ಮೊದಲ ಪ್ರಶ್ನೆ ವಿಮಾನದ ವೇಗದ ಬಗ್ಗೆ. ಎರಡನೆಯದು, ‘ಇದನ್ನ ನಾವೇ ಮಾಡಿದ್ದಾ?’ ಹೌದು ಎಂದು ಹೇಳಿ ಮುಂದಿನ ವಿಮಾನದ ಹತ್ತಿರ ಹೋಗುವುದು ಸುಲಭ. ಆ ‘ಹೌದು’ ಸುಳ್ಳೇನೂ ಅಲ್ಲ. ಆದರೆ ಆ ‘ನಾವು’ ಯಾರು ಎಂದು ಹುಡುಕುತ್ತಾ ಹೋದರೆ ಸೊಲ್ಲಾಪುರದ ಒಬ್ಬ ವ್ಯಾಪಾರಿ, ಮೈಸೂರಿನ ದಿವಾನರು, ಚೀನಾದಲ್ಲಿ ಕಾರ್ಖಾನೆ ನಡೆಸುತ್ತಿದ್ದ ಅಮೆರಿಕನ್, ಕೊಲ್ಲಾಪುರ ಸೀಮೆಯ ಒಬ್ಬ ವಿಜ್ಞಾನಿ, ಹಿಟ್ಲರನ ಕಾಲದ ಜರ್ಮನಿಗೆ ಯುದ್ಧ ವಿಮಾನ ಮಾಡಿಕೊಟ್ಟಿದ್ದ ಎಂಜಿನಿಯರ್ ಎಲ್ಲರೂ ಸಿಗುತ್ತಾರೆ. ಇವರ ಜತೆಗೆ ವಿಮಾನವನ್ನೇ ಮುಟ್ಟದೆ ರೈಲು ಬೋಗಿ ಮಾಡುತ್ತಿದ್ದ ಕಾರ್ಮಿಕರೂ ಸಿಗುತ್ತಾರೆ.

ಕಾರಿನಿಂದ ಶುರುವಾದ ಕತೆ

ವಾಲಚಂದ್ ಹೀರಾಚಂದ್ ಹುಟ್ಟಿದ್ದು 1882ರಲ್ಲಿ, ಸೊಲ್ಲಾಪುರದಲ್ಲಿ ನೆಲೆಸಿದ್ದ ಗುಜರಾತಿ ಜೈನ ಕುಟುಂಬದಲ್ಲಿ. ಹಡಗು, ಕಾರು, ವಿಮಾನ ಈ ಮೂರೂ ಭಾರತದಲ್ಲೇ ತಯಾರಾಗಬೇಕು ಎಂಬುದು ಅವರ ಹಟ. ಅವರ ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಹಡಗು 1919ರ ಏಪ್ರಿಲ್ 5ರಂದು ಬೊಂಬಾಯಿಯಿಂದ ಲಂಡನ್ನಿಗೆ ಹೊರಟಿತ್ತು. ಇವತ್ತಿಗೂ ಏಪ್ರಿಲ್ 5 ದೇಶದಲ್ಲಿ ಸಾಗರಯಾನ ದಿನ.

ಕಾರಿನ ವಿಷಯದಲ್ಲಿ ಅವರಿಗೆ ಮೈಸೂರಿನ ನಂಟು ಬೆಳೆಯಿತು. 1930ರ ದಶಕದ ಮಧ್ಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪ್, ಅಮೆರಿಕ ಸುತ್ತಿ ಬಂದು ಕಾರು ಕಾರ್ಖಾನೆಗೆ ಯೋಜನೆ ಸಿದ್ಧಪಡಿಸಿದ್ದರು. ವಾಲಚಂದ್ ಆ ಪ್ರಯತ್ನದಲ್ಲಿ ಅವರ ಜತೆಗಿದ್ದರು. ಮೈಸೂರು ಸಂಸ್ಥಾನಕ್ಕೂ ಅದರಲ್ಲಿ ಆಸಕ್ತಿಯಿತ್ತು. ಬ್ರಿಟಿಷ್ ಸರ್ಕಾರ ಮಾತ್ರ ಕೈ ಜೋಡಿಸಲಿಲ್ಲ. ತಮ್ಮ ದೇಶದ ಕಾರುಗಳಿಗೆ ಒಳ್ಳೆಯ ಮಾರುಕಟ್ಟೆಯಾಗಿದ್ದ ಭಾರತದಲ್ಲಿ ಇನ್ನೊಂದು ಕಾರ್ಖಾನೆ ಏಳುವುದಕ್ಕೆ ಅವರು ಉತ್ಸಾಹ ತೋರಿಸಬೇಕಾದ ಕಾರಣವೂ ಇರಲಿಲ್ಲ.

1939ರಲ್ಲಿ ಪೆಸಿಫಿಕ್ ಸಾಗರ ದಾಟುವ ವಿಮಾನದಲ್ಲಿ ವಾಲಚಂದ್‌ಗೆ ವಿಲಿಯಂ ಪಾಲಿ ಎಂಬ ಅಮೆರಿಕನ್ ಪರಿಚಯವಾದರು. ಚೀನಾ ಸರ್ಕಾರದ ಜತೆ ಸೇರಿ ಅಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದವರು ಪಾಲಿ. ಚೀನಾದಲ್ಲಿ ಆಗುವುದಾದರೆ ಭಾರತದಲ್ಲಿ ಯಾಕಾಗಬಾರದು ಎಂಬ ಮಾತು ಅಲ್ಲಿಂದ ಶುರುವಾಯಿತು. ಶಾಂತಿಕಾಲದಲ್ಲಾಗಿದ್ದರೆ ಈ ಯೋಜನೆಗೂ ಕಾರಿನ ಗತಿಯೇ ಆಗುತ್ತಿತ್ತೋ ಏನೋ. ಆದರೆ 1940ರ ಬೇಸಿಗೆಯಲ್ಲಿ ಫ್ರಾನ್ಸ್ ಸೋತಿತು, ಬ್ರಿಟನ್ ತನ್ನ ಉಳಿವಿಗೇ ಹೋರಾಡಬೇಕಾಯಿತು. ಪೂರ್ವದಲ್ಲಿ ವಿಮಾನ ಜೋಡಿಸುವ, ರಿಪೇರಿ ಮಾಡುವ ಒಂದು ಜಾಗ ಬೇಕೆಂಬ ಲೆಕ್ಕಕ್ಕೆ ದೆಹಲಿಯ ಸರ್ಕಾರ ಬಂತು. ವರ್ಷಗಟ್ಟಲೆ ಸಿಗದ ಒಪ್ಪಿಗೆ ಯುದ್ಧದ ಒತ್ತಡದಲ್ಲಿ ಸಿಕ್ಕಿತು.

ಜಾಗ ಎಲ್ಲಿ? ವಾಲಚಂದ್ ಕೆಲವು ದೇಶೀ ಸಂಸ್ಥಾನಗಳನ್ನು ವಿಚಾರಿಸಿದರು. ಕೂಡಲೇ ಮುಂದೆ ಬಂದದ್ದು ಮೈಸೂರು. ದಿವಾನ್ ಮಿರ್ಜಾ ಇಸ್ಮಾಯಿಲ್ ಬೆಂಗಳೂರಿನ ಪೂರ್ವಕ್ಕೆ ಸುಮಾರು 700 ಎಕರೆ ಜಮೀನು ಕೊಡಿಸಿದರು, ಸಂಸ್ಥಾನದ ಬೊಕ್ಕಸದಿಂದ 25 ಲಕ್ಷ ರೂಪಾಯಿ ಬಂಡವಾಳ ಹಾಕಿಸಿದರು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಬೆಂಗಳೂರಿನಲ್ಲಿ ನೋಂದಣಿಯಾಯಿತು. ಮರುವರ್ಷದ ಮಾರ್ಚಿನಲ್ಲಿ ಭಾರತ ಸರ್ಕಾರವೂ ಪಾಲುದಾರನಾಯಿತು.

ಮೈಸೂರಿನ ಈ ಧೈರ್ಯ ಒಂದೇ ದಿನದಲ್ಲಿ ಬಂದದ್ದಲ್ಲ. ಶಿವನಸಮುದ್ರದಲ್ಲಿ 1902ರಿಂದ ಜಲವಿದ್ಯುತ್ ಹುಟ್ಟುತ್ತಿತ್ತು. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯಿತ್ತು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಗೆ ಜಮೀನು ಕೊಟ್ಟದ್ದೂ ಇದೇ ಸಂಸ್ಥಾನ. ವಿದ್ಯುತ್ತು, ಲೋಹದ ಕೆಲಸ, ಓದಿದ ಎಂಜಿನಿಯರುಗಳು ಒಂದೇ ಕಡೆ ಸಿಗುವ ಊರು ಆಗ ದೇಶದಲ್ಲಿ ಹೆಚ್ಚಿರಲಿಲ್ಲ. ಯುದ್ಧ ನಡೆಯುವ ಗಡಿಗಳಿಂದ ದೂರವಿರುವುದೂ ಒಂದು ಅನುಕೂಲವಾಗಿತ್ತು.

ಕೆರೆಗೆ ಇಳಿದ ವಿಮಾನಗಳು

1941ರ ಆಗಸ್ಟ್ ಹೊತ್ತಿಗೆ ಮೊದಲ ವಿಮಾನ ಸಿದ್ಧವಾಯಿತು. ಅದು ಹಾರ್ಲೋ ಎಂಬ ಅಮೆರಿಕದ ತರಬೇತಿ ವಿಮಾನ. ಭಾಗಗಳು ಹಡಗಿನಲ್ಲಿ ಬಂದವು, ಜೋಡಣೆ ಬೆಂಗಳೂರಿನಲ್ಲಿ ನಡೆಯಿತು. ಮರುವರ್ಷ ಜುಲೈಯಲ್ಲಿ ಇಲ್ಲಿ ಜೋಡಿಸಿದ ಕರ್ಟಿಸ್ ಹಾಕ್ ಯುದ್ಧ ವಿಮಾನವೂ ಹಾರಿತು.

ಆದರೆ ಅಷ್ಟರಲ್ಲಿ ಕಾರ್ಖಾನೆಯ ಯಜಮಾನಿಕೆ ಬದಲಾಗಿತ್ತು. ಜಪಾನ್ ಬರ್ಮಾಕ್ಕೆ ನುಗ್ಗಿತ್ತು. ಯುದ್ಧದ ಇಂಥ ಹೊತ್ತಿನಲ್ಲಿ ಕಾರ್ಖಾನೆ ಖಾಸಗಿಯವರ ಕೈಯಲ್ಲಿರಬಾರದೆಂದು 1942ರ ಏಪ್ರಿಲ್‌ನಲ್ಲಿ ಸರ್ಕಾರ ವಾಲಚಂದ್ ಮತ್ತು ಜತೆಗಾರರ ಪಾಲನ್ನು ಕೊಂಡುಕೊಂಡಿತು. ಮೈಸೂರು ತನ್ನ ಪಾಲನ್ನು ಉಳಿಸಿಕೊಂಡಿತು. ಕಾರ್ಖಾನೆ ಕಟ್ಟಿಸಿದ ವ್ಯಾಪಾರಿ ಒಂದೂವರೆ ವರ್ಷದೊಳಗೆ ಅದರಿಂದ ಹೊರಗಾದರು. ಅವರು ಸುಮ್ಮನೆ ಕೂರಲಿಲ್ಲ. ವಿಶಾಖಪಟ್ಟಣದಲ್ಲಿ 1941ರಲ್ಲೇ ಅಡಿಗಲ್ಲು ಬಿದ್ದಿದ್ದ ಹಡಗುಕಟ್ಟೆಯಿಂದ 1948ರಲ್ಲಿ ‘ಜಲ ಉಷಾ’ ನೀರಿಗಿಳಿಯಿತು. ಕಾರಿನ ಆಸೆ 1944ರಲ್ಲಿ ಶುರುವಾದ ಪ್ರೀಮಿಯರ್ ಆಟೊಮೊಬೈಲ್ಸ್ ಮೂಲಕ ಕುರ್ಲಾದಲ್ಲಿ ಈಡೇರಿತು. ಮುಂಬೈಯವರು ದಶಕಗಳ ಕಾಲ ಕೈ ತೋರಿಸಿ ನಿಲ್ಲಿಸುತ್ತಿದ್ದ ಪದ್ಮಿನಿ ಟ್ಯಾಕ್ಸಿಗೂ ಬೆಂಗಳೂರಿನ ಈ ವಿಮಾನಗಳಿಗೂ ಹೀಗೆ ಒಬ್ಬನೇ ಮನುಷ್ಯನ ಹಟದ ಸಂಬಂಧವಿದೆ.

1943ರಲ್ಲಿ ಕಾರ್ಖಾನೆಯನ್ನು ಅಮೆರಿಕದ ವಾಯುಪಡೆಗೆ ಒಪ್ಪಿಸಲಾಯಿತು. ಹೊಸ ವಿಮಾನ ಮಾಡುವ ಕೆಲಸ ಬದಿಗೆ ಸರಿಯಿತು, ರಿಪೇರಿಯೇ ಮುಖ್ಯವಾಯಿತು. ಬರ್ಮಾ, ಚೀನಾ ಕಡೆ ಹಾರುತ್ತಿದ್ದ ವಿಮಾನಗಳು ಏಟು ತಿಂದು, ಸವೆದು, ಗುಂಡಿನ ತೂತುಗಳ ಸಮೇತ ಇಲ್ಲಿಗೆ ಬರುತ್ತಿದ್ದವು. ಕ್ಯಾಟಲಿನಾ ಎಂಬ, ನೀರಿನ ಮೇಲೆ ಇಳಿಯುವ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು, ಅಲ್ಲಿಂದ ಕಾರ್ಖಾನೆಗೆ ಬರುತ್ತಿದ್ದವು. ಈಚಿನ ವರ್ಷಗಳಲ್ಲಿ ನೊರೆ ಉಕ್ಕಿಸಿ, ಬೆಂಕಿ ಹೊತ್ತಿಸಿಕೊಂಡು ಟಿವಿಯಲ್ಲಿ ಕಾಣಿಸಿಕೊಂಡ ಅದೇ ಬೆಳ್ಳಂದೂರು ಕೆರೆ.

ಈ ರಿಪೇರಿಯ ವರ್ಷಗಳನ್ನು ಮ್ಯೂಸಿಯಂಗೆ ಬಂದವರು ಒಂದೆರಡು ಫೋಟೋ ನೋಡಿ ದಾಟಿಬಿಡುತ್ತಾರೆ. ಆದರೆ ಕಾರ್ಖಾನೆ ನಿಜವಾಗಿ ಕಲಿತದ್ದು ಆಗಲೇ. ಹೊಸ ಭಾಗಗಳನ್ನು ನಕ್ಷೆ ನೋಡಿಕೊಂಡು ಜೋಡಿಸುವವನಿಗೆ ವಿಮಾನ ಹೇಗಿರಬೇಕು ಎಂದು ಗೊತ್ತಾಗುತ್ತದೆ. ಕೆಟ್ಟ ವಿಮಾನವನ್ನು ಬಿಚ್ಚಿದವನಿಗೆ ಅದು ಎಲ್ಲಿ ಸವೆಯುತ್ತದೆ, ಎಲ್ಲಿ ಬಿರುಕು ಬಿಡುತ್ತದೆ, ಯಾವ ಭಾಗ ಇನ್ನೂ ತಾಳುತ್ತದೆ ಎಂಬುದೂ ತಿಳಿಯುತ್ತದೆ. ಸಾವಿರಾರು ಜನ ಫಿಟ್ಟರುಗಳು, ಲೋಹದ ಹಾಳೆ ಬಾಗಿಸುವವರು, ಬಡಗಿಗಳು, ವೈರಿಂಗ್‌ನವರು ಈ ವಿದ್ಯೆಯನ್ನು ಸಂಬಳ ಪಡೆಯುತ್ತಲೇ ಕಲಿತರು.

ಆ ಕಲಿಕೆಗೆ ಸ್ವಾತಂತ್ರ್ಯ ಬಂದ ಕೂಡಲೇ ಪರೀಕ್ಷೆ ಎದುರಾಯಿತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಅಮೆರಿಕದ ಲಿಬರೇಟರ್ ಬಾಂಬರುಗಳು ರಾಶಿ ಬಿದ್ದಿದ್ದವು. ಬಿಟ್ಟು ಹೋಗುವಾಗ ಯಾರೂ ಮತ್ತೆ ಹಾರಿಸದಂತೆ ಅವುಗಳನ್ನು ಬೇಕೆಂದೇ ಹಾಳು ಮಾಡಲಾಗಿತ್ತು. ಹೊಸ ದೇಶದ ಬಳಿ ದೊಡ್ಡ ಬಾಂಬರುಗಳಿರಲಿಲ್ಲ, ಕೊಳ್ಳಲು ಹಣವೂ ಇರಲಿಲ್ಲ. ಬೆಂಗಳೂರಿನ ಎಂಜಿನಿಯರುಗಳು ಕಾನ್ಪುರಕ್ಕೆ ಹೋಗಿ, ಒಂದರ ಭಾಗವನ್ನು ಇನ್ನೊಂದಕ್ಕೆ ಹಾಕಿ, ಹೇಗೋ ಒಂದು ಸಲ ಹಾರುವಷ್ಟು ಸರಿ ಮಾಡಿದರು. ಕಂಪನಿಯ ಪೈಲಟ್ ಜಮ್ಶೆಡ್ ಮುನ್ಶಿ ಅವುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ರಿಪೇರಿಯಾದವು. ಹೀಗೆ ಮರುಹುಟ್ಟು ಪಡೆದ ಸುಮಾರು 40 ಲಿಬರೇಟರ್‌ಗಳು ವಾಯುಪಡೆ ಸೇರಿದವು, 1968ರವರೆಗೆ ಸೇವೆಯಲ್ಲಿದ್ದವು. ಇವತ್ತು ಲಂಡನ್ನಿನ ವಾಯುಪಡೆ ಮ್ಯೂಸಿಯಂನಲ್ಲಿ, ಅಮೆರಿಕದ ಅರಿಜೋನಾದ ಪಿಮಾ ಮ್ಯೂಸಿಯಂನಲ್ಲಿ ನಿಂತಿರುವ ಲಿಬರೇಟರ್‌ಗಳು ಭಾರತೀಯ ವಾಯುಪಡೆಯಿಂದ ಹೋದಂಥವು. ಆ ದೇಶಗಳಲ್ಲಿ ಯುದ್ಧ ಮುಗಿದ ಮೇಲೆ ಗುಜರಿಗೆ ಹೋದ ವಿಮಾನಕ್ಕೆ ಭಾರತದಲ್ಲಿ ಇನ್ನೂ 20 ವರ್ಷ ಕೆಲಸವಿತ್ತು. ಅದಕ್ಕೇ ಅದು ಉಳಿಯಿತು.

ಬೋಗಿ ಮಾಡಿದ ಕೈಗಳು

ರಿಪೇರಿ ಗೊತ್ತಿದ್ದರೂ ಕೆಲಸ ಬೇಕಲ್ಲ. ಯುದ್ಧ ನಿಂತಾಗ ವಿಮಾನಗಳ ಕೆಲಸ ಏಕಾಏಕಿ ಕಡಿಮೆಯಾಯಿತು. ಬಹಳ ಮಂದಿ ಕಾರ್ಮಿಕರನ್ನು ಮನೆಗೆ ಕಳಿಸಲಾಯಿತು. ಕಲಿತ ಕೈಗಳು ಚದುರಿ ಹೋದರೆ ಮತ್ತೆ ಕೂಡಿಸುವುದಕ್ಕೆ ಹತ್ತು ವರ್ಷ ಬೇಕಾದೀತು. ಆ ಹೊತ್ತಿಗೆ ರೈಲ್ವೆಗೆ ಬೋಗಿಗಳ ಕೊರತೆಯಿತ್ತು. ಯುದ್ಧಕಾಲದಲ್ಲಿ ಹಳೆಯ ಬೋಗಿಗಳು ಸವೆದಿದ್ದವು, ಬಹುಪಾಲು ಮರದ ಮೈಯವು. ಲೋಹದ ಹಾಳೆಯಿಂದ ಹಗುರವಾಗಿ, ಗಟ್ಟಿಯಾಗಿ ಉದ್ದನೆಯ ಕೊಳವೆಯಂಥ ಮೈ ಕಟ್ಟುವುದು ವಿಮಾನದವರಿಗೆ ಗೊತ್ತಿದ್ದ ಕೆಲಸ. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಉಕ್ಕಿನ ಮೂರನೇ ದರ್ಜೆ ಬೋಗಿಗಳನ್ನು ಮಾಡತೊಡಗಿತು. ಬಸ್ಸುಗಳ ಮೈ ಕಟ್ಟುವ ಕೆಲಸವನ್ನೂ ತೆಗೆದುಕೊಂಡಿತು.

ಮದರಾಸಿನ ಪೆರಂಬೂರಿನಲ್ಲಿ ಬೋಗಿ ಕಾರ್ಖಾನೆ ಶುರುವಾಗಿದ್ದು 1955ರಲ್ಲಿ. ಅದಕ್ಕೂ ಮೊದಲೇ ಬೆಂಗಳೂರಿನ ವಿಮಾನ ಕಾರ್ಖಾನೆಯ ಬೋಗಿಗಳಲ್ಲಿ ಜನ ಊರಿಂದೂರಿಗೆ ಓಡಾಡುತ್ತಿದ್ದರು. ವಿಮಾನ ಹತ್ತುವುದು ಹೋಗಲಿ, ಹತ್ತಿರದಿಂದ ನೋಡಿಯೂ ಇರದ ಲಕ್ಷಾಂತರ ಜನರನ್ನು ಆ ಕಾರ್ಖಾನೆ ಮುಟ್ಟಿದ್ದು ಹೀಗೆ.

ವಿಮಾನದ ಚರಿತ್ರೆ ಬರೆಯುವವರು ಇದನ್ನು ಸಾಲಿನ ಕೊನೆಗೆ ಸೇರಿಸಿ ಸುಮ್ಮನಾಗುತ್ತಾರೆ, ಏನೋ ಅನಿವಾರ್ಯಕ್ಕೆ ಮಾಡಿದ ಕೆಲಸ ಎಂಬಂತೆ. ರೈಲಿನ ಚರಿತ್ರೆಯವರಿಗೆ ಪೆರಂಬೂರು ಮುಖ್ಯ. ಕರ್ನಾಟಕದಲ್ಲಿ ಮಕ್ಕಳಿಗೆ ರೈಲು ತೋರಿಸಬೇಕಾದರೆ 1979ರಲ್ಲಿ ಶುರುವಾದ ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋಗಬೇಕು, ವಿಮಾನಕ್ಕೆ ಬೆಂಗಳೂರಿಗೆ ಬರಬೇಕು. ಒಂದೇ ಕಾರ್ಖಾನೆಯಲ್ಲಿ ತಯಾರಾದ ಎರಡು ವಸ್ತುಗಳು ಎರಡು ಊರುಗಳ, ಎರಡು ಬೇರೆ ಬೇರೆ ಕತೆಗಳಿಗೆ ಸೇರಿಹೋದವು.

ಬೋಗಿಯ ಕೆಲಸದಿಂದ ಕಾರ್ಖಾನೆಯ ಒಲೆ ಉರಿಯುತ್ತಿದ್ದ ಅವೇ ವರ್ಷಗಳಲ್ಲಿ ವಿಷ್ಣು ಮಾಧವ ಘಾಟಗೆ ಎಚ್‌ಟಿ-2 ವಿಮಾನದ ವಿನ್ಯಾಸ ಮಾಡುತ್ತಿದ್ದರು. ಕೊಲ್ಲಾಪುರ ಸೀಮೆಯವರಾದ ಘಾಟಗೆ ಜರ್ಮನಿಯ ಗಾಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟಲ್ ಅವರ ಶಿಷ್ಯರಾಗಿ ಡಾಕ್ಟರೇಟ್ ಮುಗಿಸಿ ಬಂದವರು. ಗಾಳಿ ಒಂದು ವಸ್ತುವಿನ ಮೈಗೆ ತಾಗಿ ಹರಿಯುವಾಗ ಏನಾಗುತ್ತದೆ ಎಂಬುದನ್ನು ಜಗತ್ತಿಗೆ ತಿಳಿಸಿಕೊಟ್ಟ ಗುರು ಪ್ರಾಂಟಲ್. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಶುರು ಮಾಡಿದವರೂ ಘಾಟಗೆಯವರೇ. ಎಚ್‌ಟಿ-2 1951ರ ಆಗಸ್ಟ್‌ನಲ್ಲಿ ಹಾರಿತು. ಹಾರಿಸಿದವರು ಲಿಬರೇಟರ್‌ಗಳನ್ನು ತಂದ ಅದೇ ಮುನ್ಶಿ. ಎರಡು ಸೀಟಿನ ಈ ಪುಟ್ಟ ವಿಮಾನದಲ್ಲಿ ವಾಯುಪಡೆಯ ಪೈಲಟ್‌ಗಳು ಹಲವು ದಶಕ ಹಾರಾಟ ಕಲಿತರು. ಕೆಲವು ಘಾನಾ ದೇಶಕ್ಕೂ ಹೋದವು. ಮ್ಯೂಸಿಯಂನಲ್ಲಿ ಮಾರುತ್, ಮಿಗ್‌ಗಳ ನಡುವೆ ಇದು ಆಟಿಕೆಯ ಹಾಗೆ ಕಾಣುತ್ತದೆ. ಮಕ್ಕಳು ಇದರ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಮಾರುತ್ ಮತ್ತು ಎಂಜಿನ್

ಎಲ್ಲರೂ ಫೋಟೋ ತೆಗೆಸಿಕೊಳ್ಳುವುದು ಮಾರುತ್ ಮುಂದೆ. ಹಿಂದಕ್ಕೆ ಬಾಗಿದ ರೆಕ್ಕೆ, ಚೂಪು ಮೂಗು, ನಿಂತಲ್ಲೇ ಓಡುತ್ತಿರುವಂಥ ಆಕಾರ. ಏಷ್ಯಾದಲ್ಲಿ ಜೆಟ್ ಯುದ್ಧ ವಿಮಾನವನ್ನು ಸ್ವಂತವಾಗಿ ಮಾಡಲು ಹೊರಟ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಅದರ ಮುಖ್ಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್, ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಫೋಕ್‌ವುಲ್ಫ್ 190 ವಿಮಾನ ರೂಪಿಸಿದ್ದವರು. ಸೋತ ಜರ್ಮನಿಯಲ್ಲಿ ಕೆಲಸವಿಲ್ಲದೆ ಅರ್ಜೆಂಟೀನಾಕ್ಕೆ ಹೋದರು. ಅಲ್ಲಿ ಪೆರೋನ್ ಸರ್ಕಾರ ಬಿದ್ದಮೇಲೆ 1956ರಲ್ಲಿ ತಮ್ಮ ತಂಡದೊಂದಿಗೆ ಬೆಂಗಳೂರಿಗೆ ಬಂದರು.

ಅವರು ಬಂದಾಗ ಇಲ್ಲಿ ಶಬ್ದವೇಗದ ವಿಮಾನಕ್ಕೆ ಬೇಕಾದ ಪರೀಕ್ಷಾ ಸಲಕರಣೆಗಳು ಇರಲಿಲ್ಲ. ಹಾಗಾಗಿ ಮೊದಲು ಮರದಲ್ಲಿ ಪೂರ್ಣ ಅಳತೆಯ ಗ್ಲೈಡರ್ ಮಾಡಿದರು. 1959ರಲ್ಲಿ ಡಕೋಟಾ ವಿಮಾನ ಅದನ್ನು ಎಳೆದುಕೊಂಡು ಮೇಲಕ್ಕೆ ಹೋಗಿ ಬಿಟ್ಟಿತು. ಎಂಜಿನ್ ಇಲ್ಲದ ಮರದ ಮಾರುತ್ ಬೆಂಗಳೂರಿನ ಮೇಲೆ ತೇಲಿ ಇಳಿಯಿತು. ಜರ್ಮನ್ ಗಣಿತ, ಬೆಂಗಳೂರಿನ ಬಡಗಿಗಳ ಕೈ. 1961ರ ಜೂನ್ 17ರಂದು ನಿಜವಾದ ಮಾರುತ್ ಹಾರಿತು, ಹಾರಿಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್.

ಆಕಾರ ಸಿದ್ಧವಾಯಿತು, ಎಂಜಿನ್ ಸಿಗಲಿಲ್ಲ. ಶಬ್ದದ ಎರಡು ಪಟ್ಟು ವೇಗ ಮುಟ್ಟಬೇಕೆಂಬ ಗುರಿಗೆ ಬೇಕಾಗಿದ್ದ ಬಲವಾದ ಆರ್ಫಿಯಸ್ ಎಂಜಿನನ್ನು ಬ್ರಿಟನ್ ಮುಂದುವರಿಸಲಿಲ್ಲ. ಮುಂದುವರಿಸಬೇಕಾದರೆ ಖರ್ಚು ಭಾರತ ಕೊಡಬೇಕಿತ್ತು. ನ್ಯಾಟ್ ವಿಮಾನಕ್ಕಾಗಿ ಬೆಂಗಳೂರಿನಲ್ಲೇ ಪರವಾನಗಿಯ ಮೇಲೆ ತಯಾರಾಗುತ್ತಿದ್ದ ಸಣ್ಣ ಆರ್ಫಿಯಸ್ ಎಂಜಿನ್‌ಗಳನ್ನೇ ಎರಡೆರಡು ಜೋಡಿಸಿದರು. ಬೇರೆ ದಾರಿಗಳನ್ನೂ ಹುಡುಕಿದರು. ಈಜಿಪ್ಟ್ ತಯಾರಿಸುತ್ತಿದ್ದ ಎಂಜಿನ್ನಿನ ಪರೀಕ್ಷೆಗೆ ಒಂದು ಮಾರುತ್ ಕೈರೋ ಹತ್ತಿರದ ಹೆಲ್ವಾನ್‌ವರೆಗೂ ಹೋಗಿಬಂತು. ಆ ಯೋಜನೆಯೂ 1969ರಲ್ಲಿ ನಿಂತಿತು. ಎರಡು ಪಟ್ಟು ವೇಗಕ್ಕೆಂದು ರೂಪಿಸಿದ ಮೈ ಶಬ್ದದ ವೇಗದ ಆಸುಪಾಸಿನಲ್ಲೇ ಉಳಿಯಿತು.

1970ರ ಜನವರಿಯಲ್ಲಿ ಸುರಂಜನ್ ದಾಸ್ ಮಾರುತ್ ಅಪಘಾತದಲ್ಲಿ ತೀರಿಕೊಂಡರು. ಹಳೇ ಏರ್‌ಪೋರ್ಟ್ ರಸ್ತೆಯಿಂದ ಹಳೇ ಮದ್ರಾಸ್ ರಸ್ತೆಯ ಕಡೆ ಹೋಗುವ ಸುರಂಜನ್ ದಾಸ್ ರಸ್ತೆಗೆ ಅವರದ್ದೇ ಹೆಸರು. ಅಲ್ಲಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೆ ಹೆಸರು ಗೊತ್ತು, ಮನುಷ್ಯ ಗೊತ್ತಿಲ್ಲ.

ಮಾರುತ್ ಸೋಲೇ ಎಂದರೆ ಅದೂ ಸರಿಯಲ್ಲ. ಒಟ್ಟು 147 ವಿಮಾನಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲಕ್ಕೆ ಹತ್ತಿರವಾಗಿ ಹಾರಿ ದಾಳಿ ಮಾಡುವ ಕೆಲಸವನ್ನು ಅವು ಚೆನ್ನಾಗಿಯೇ ಮಾಡಿದವು. 1990ರ ಹೊತ್ತಿಗೆ ಸೇವೆಯಿಂದ ಹೋದವು. ನಿಜವಾದ ನಷ್ಟ ಬೇರೆ. ಮಾರುತ್‌ನ ಕೆಲಸದಲ್ಲಿ ಕಲಿತ ವಿನ್ಯಾಸಕಾರರ ತಂಡಕ್ಕೆ ಮುಂದಿನ ಯುದ್ಧ ವಿಮಾನ ಕೂಡಲೇ ಸಿಗಲಿಲ್ಲ. ಸೋವಿಯತ್ ಮಿಗ್‌ಗಳು ಪರವಾನಗಿಯ ಮೇಲೆ ತಯಾರಾಗತೊಡಗಿದವು. ಮಾರುತ್ ಮೊದಲು ಹಾರಿದ್ದು 1961ರಲ್ಲಿ. ಮುಂದಿನ ಸ್ವದೇಶಿ ಯುದ್ಧ ವಿಮಾನ ತೇಜಸ್ ಹಾರಿದ್ದು 2001ರ ಜನವರಿಯಲ್ಲಿ. ನಡುವೆ 40 ವರ್ಷ. ಒಬ್ಬ ಫಿಟ್ಟರ್ ಕೆಲಸಕ್ಕೆ ಸೇರಿ ನಿವೃತ್ತನಾಗುವಷ್ಟು ಕಾಲ. ತೇಜಸ್‌ಗೂ ಎಂಜಿನ್ ಅಮೆರಿಕದ ಜಿಇ ಕಂಪನಿಯದ್ದು. ಬೆಂಗಳೂರಿನಲ್ಲೇ ರೂಪುಗೊಂಡ ಕಾವೇರಿ ಎಂಜಿನ್ ಅದಕ್ಕೆ ಬೇಕಾದ ಬಲ ಮುಟ್ಟಲಿಲ್ಲ.

1946ರ ಆಸುಪಾಸಿನಲ್ಲಿ ಕಲಿತ ಕೈಗಳು ಚದುರದ ಹಾಗೆ ಬೋಗಿಯ ಕೆಲಸ ನೋಡಿಕೊಂಡಿತ್ತು. ವಿನ್ಯಾಸ ಕಲಿತ ತಲೆಗಳಿಗೆ ಅಂಥದ್ದೊಂದು ಬೋಗಿ ಸಿಗಲಿಲ್ಲ. ಮ್ಯೂಸಿಯಂನಲ್ಲಿ ಜನ ಅವಸರದಲ್ಲಿ ದಾಟುವ ಎಂಜಿನ್ ವಿಭಾಗದಲ್ಲಿ ಸ್ವಲ್ಪ ಹೊತ್ತು ನಿಂತರೆ ಇದು ಅರ್ಥವಾಗುತ್ತದೆ. ಹೊರಗಿನ ಯುದ್ಧ ವಿಮಾನಗಳ ಮೇಲೆ ಭಾರತೀಯ ಹೆಸರುಗಳಿವೆ: ಮಾರುತ್, ಅಜೀತ್. ಒಳಗಿನ ಎಂಜಿನ್‌ಗಳಲ್ಲಿ ಆರ್ಫಿಯಸ್‌ನಂಥ ಹೆಸರುಗಳು. ವಿಮಾನದ ಮೈ, ರೆಕ್ಕೆ, ಬಾಲ ಕಟ್ಟುವುದನ್ನು ಒಂದು ತಲೆಮಾರಿನಲ್ಲಿ ಕಲಿಯಬಹುದು. ಎಂಜಿನ್ನಿನ ಒಳಗಿನ ತಾಪ ತಾಳುವ ಲೋಹ, ಅದನ್ನು ಎರಕ ಹೊಯ್ಯುವ ವಿದ್ಯೆ ಕೈಗೆ ಬರಲು ಹಲವು ತಲೆಮಾರು ಎಡೆಬಿಡದೆ ಕೆಲಸ ನಡೆಯಬೇಕು. ಹಣವನ್ನು ಸಾಲ ತರಬಹುದು, ಆ ಅಭ್ಯಾಸವನ್ನು ತರಲಾಗುವುದಿಲ್ಲ.

ಹಾಗಾದರೆ ‘ನಾವೇ ಮಾಡಿದ್ದಾ?’ ಎಂದು ಕೇಳುವ ಮಗುವಿಗೆ ಏನು ಹೇಳುವುದು? ಮೈಸೂರಿನ ಜನರ ತೆರಿಗೆಯ 25 ಲಕ್ಷ ಇದರಲ್ಲಿದೆ ಎನ್ನಬಹುದು. ಸೊಲ್ಲಾಪುರದವರೊಬ್ಬರು ಶುರು ಮಾಡಿ ಬಿಟ್ಟುಕೊಡಬೇಕಾಯಿತು, ಮರಾಠಿ ಮನೆಮಾತಿನವರು ವಿನ್ಯಾಸ ಮಾಡಿದರು, ಪಾರ್ಸಿಯೊಬ್ಬರು, ಬಂಗಾಳಿಯೊಬ್ಬರು ಹಾರಿಸಿದರು, ಜರ್ಮನರು ಕಲಿಸಿದರು ಎನ್ನಬಹುದು. ಕಾರ್ಖಾನೆಯ ಸುತ್ತ ಬೆಳೆದ ವಿಮಾನಪುರದಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಂ ಮಾತಾಡುವ ಮನೆಗಳು ಅಕ್ಕಪಕ್ಕ ಇದ್ದವು, ಪಾಳಿ ಬದಲಾಗುವಾಗ ಒಂದೇ ಗೇಟಿನಿಂದ ಎಲ್ಲರೂ ಒಳಗೆ ಹೋಗುತ್ತಿದ್ದರು ಎಂದೂ ಹೇಳಬಹುದು. ಊರು ಬಿಟ್ಟು ಬೇರೆ ನಗರಗಳಲ್ಲಿ ದುಡಿಯುವವರ ಮಕ್ಕಳಿಗೆ ಈ ಉತ್ತರ ಅರ್ಥವಾಗುವುದು ಕಷ್ಟವಲ್ಲ. ಅವರ ಮನೆಗಳಲ್ಲೂ ‘ನಾವು’ ಎಂಬುದಕ್ಕೆ ಒಂದೇ ಊರು ಸಾಲುವುದಿಲ್ಲ.

ಬೋಗಿಗಳ ಕತೆ ಮಾತ್ರ ಬೇರೆ ದಾರಿ ಹಿಡಿಯಿತು. 1964ರ ಅಕ್ಟೋಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಇನ್ನೊಂದು ಕಂಪನಿಯ ಜತೆ ಕೂಡಿ ಹಿಂದೂಸ್ತಾನ್ ಏರೋನಾಟಿಕ್ಸ್, ಅಂದರೆ ಇವತ್ತಿನ ಎಚ್‌ಎಎಲ್ ಆಯಿತು. ಅದೇ ವರ್ಷ ಹುಟ್ಟಿದ ಬಿಇಎಂಎಲ್ ಬೋಗಿಗಳ ವಿಭಾಗವನ್ನು ವಹಿಸಿಕೊಂಡಿತು. ಬಿಇಎಂಎಲ್ ಬೋಗಿ ಮಾಡುವುದನ್ನು ನಿಲ್ಲಿಸಲಿಲ್ಲ. ನಮ್ಮ ಮೆಟ್ರೊದ, ದೆಹಲಿ ಮೆಟ್ರೊದ ಬಹಳಷ್ಟು ಬೋಗಿಗಳು ಅಲ್ಲಿಂದ ಬಂದವು. ಮುಂಬೈಯ ಪಶ್ಚಿಮದ ಉಪನಗರಗಳಲ್ಲಿ ಓಡುವ 2ಎ ಮತ್ತು 7ನೇ ಮಾರ್ಗದ ಮೆಟ್ರೊಗಳೂ ಬಿಇಎಂಎಲ್‌ನವೇ. ಅಂಧೇರಿಯಿಂದ ದಹಿಸರ್‌ಗೆ ಹೋಗುವ ಕನ್ನಡಿಗರು ದಿನವೂ ಕೂತು ಪ್ರಯಾಣ ಮಾಡುವ ಆ ಬೋಗಿಯ ವಂಶಾವಳಿ, ಯುದ್ಧ ಮುಗಿದು ಕೆಲಸವಿಲ್ಲದೆ ಕೂತಿದ್ದ ಒಂದು ವಿಮಾನ ಕಾರ್ಖಾನೆಯಲ್ಲಿ ಶುರುವಾಗುತ್ತದೆ. ಅದನ್ನು ನೋಡಲು ಟಿಕೆಟ್ ಕೊಂಡು ಮ್ಯೂಸಿಯಂ ಒಳಗೆ ಹೋಗಬೇಕಾಗಿಲ್ಲ.